ರಿಯಾಯಿತಿ ಸಾಲದು, ರಸ್ತೆಯೂ ಬೇಕು

ಸರ್ಕಾರಿ ನೌಕರನ ನಿವೃತ್ತಿ ವಯಸ್ಸು ಆಡಳಿತದ ಅನುಕೂಲಕ್ಕಾಗಿ ಗೊತ್ತುಮಾಡಿದ ಒಂದು ಅಂಕಿ ಮಾತ್ರ. ಕೇಂದ್ರ ಸರ್ಕಾರ 1998ರಲ್ಲಿ ಅದನ್ನು 58ರಿಂದ 60ಕ್ಕೆ ಏರಿಸಿತು; ಕರ್ನಾಟಕ ಹತ್ತು ವರ್ಷಗಳ ಬಳಿಕ, 2008ರಲ್ಲಿ, ಅದೇ ದಾರಿ ಹಿಡಿಯಿತು. ಈ ಆದೇಶಗಳಿಂದ ಯಾರ ಮೊಣಕಾಲೂ ಬಲಗೊಳ್ಳಲಿಲ್ಲ, ಯಾರ ಶ್ವಾಸವೂ ದೀರ್ಘವಾಗಲಿಲ್ಲ. ಆದರೂ ನಮ್ಮ ಸಮಾಜ ಕಡತದಲ್ಲಿರುವ ದಿನಾಂಕವನ್ನೇ ದೇಹದ ದಿನಾಂಕವೆಂದು ಭಾವಿಸಿಬಿಟ್ಟಿದೆ. ಷಷ್ಟ್ಯಬ್ದಿಯ ಶಾಂತಿಹೋಮ ಮುಗಿದ ಮರುದಿನದಿಂದಲೇ ಮನೆಯ ಮಕ್ಕಳು ನಮ್ಮ ಕೈಚೀಲವನ್ನು ಕಸಿದುಕೊಳ್ಳುತ್ತಾರೆ. ಮೆಟ್ಟಿಲು ಹತ್ತಲು ಹೊರಟರೆ ಲಿಫ್ಟಿನ ಬಾಗಿಲು ಹಿಡಿದು ನಿಲ್ಲುತ್ತಾರೆ. ‘ಇಷ್ಟು ದಿನ ದುಡಿದದ್ದು ಸಾಕು, ಇನ್ನು ಆರಾಮಾಗಿರಿ’ ಎನ್ನುತ್ತಾರೆ. ಅರವತ್ತಕ್ಕೆ ಅರಳುಮರಳು ಎಂಬ ಗಾದೆ ಬುದ್ಧಿಯನ್ನು ಕುರಿತದ್ದು. ನಾವು ಅದನ್ನು ಕಾಲುಗಳಿಗೂ ಅನ್ವಯಿಸಿದ್ದೇವೆ.

ಈ ಆದರ ಪ್ರಾಮಾಣಿಕವಾದದ್ದು, ಅದನ್ನು ಹಗುರವಾಗಿ ಕಾಣುವ ಉದ್ದೇಶ ನನ್ನದಲ್ಲ. ಆದರೆ ಆದರದ ಒಳಗೊಂದು ತೀರ್ಪು ಅಡಗಿದೆ. ಹಿರಿಯರಿಗೆ ಸಲ್ಲಬೇಕಾದದ್ದು ವಿಶ್ರಾಂತಿ ಮತ್ತು ರಿಯಾಯಿತಿ. ಅವರ ದೇಹಶಕ್ತಿ ಇನ್ನು ಯಾರ ಕಾಳಜಿಗೂ ಯೋಗ್ಯವಲ್ಲ ಎಂಬುದೇ ಆ ತೀರ್ಪು. ಕುಟುಂಬದಲ್ಲಿ ಹುಟ್ಟಿದ ಈ ಧೋರಣೆ ಸರ್ಕಾರದ ನೀತಿಯಲ್ಲಿಯೂ ಅಚ್ಚೊತ್ತಿದಂತೆ ಕಾಣುತ್ತದೆ. ಇದನ್ನು ಪ್ರಶ್ನಿಸುವ ಧೈರ್ಯ ನನಗೆ ಬಂದದ್ದು ಯಾವುದೇ ಆಯೋಗದ ವರದಿಯಿಂದಲ್ಲ. ಈಚಿನ ಕೆಲವು ವರ್ಷಗಳಿಂದ ನಾನು ಪಾಲ್ಗೊಳ್ಳುತ್ತಿರುವ ‘ಸ್ಪ್ರಿಂಟ್ ಡ್ಯುಯಥ್ಲಾನ್’ ಎಂಬ, ಹೆಸರು ಹೇಳಿದರೆ ಬಂಧುಗಳು ಹುಬ್ಬೇರಿಸುವ ಕ್ರೀಡೆಯಿಂದ.

ಇದರ ಸ್ವರೂಪ ಸರಳವಾದದ್ದು. ಮೊದಲು ಓಟ, ಆಮೇಲೆ ಸೈಕಲ್ ಸವಾರಿ, ಕೊನೆಗೆ ಮತ್ತೆ ಓಟ. ಮೂರನ್ನೂ ನಡುವೆ ಗಡಿಯಾರ ನಿಲ್ಲಿಸದೆ ಮುಗಿಸಬೇಕು. ಅಂತರರಾಷ್ಟ್ರೀಯ ಮಟ್ಟದಲ್ಲಿ ಸ್ಪ್ರಿಂಟ್ ಮಾದರಿಯ ವಾಡಿಕೆಯ ಅಂತರ 5 ಕಿ.ಮೀ. ಓಟ, 20 ಕಿ.ಮೀ. ಸೈಕಲ್, 2.5 ಕಿ.ಮೀ. ಓಟ. ಇದರ ಇಮ್ಮಡಿಯದು ಸ್ಟ್ಯಾಂಡರ್ಡ್ ಮಾದರಿ. ಸ್ವಿಟ್ಜರ್ಲೆಂಡಿನ ಝೋಫಿಂಗನ್ ಪಟ್ಟಣದಲ್ಲಿ 1989ರಿಂದ ನಡೆಯುತ್ತಿರುವ ‘ಪವರ್‌ಮನ್’ ಸ್ಪರ್ಧೆಯ ದೂರವನ್ನು ಕೇಳಿದರೆ ನನ್ನಂಥವರಿಗೆ ತಲೆ ತಿರುಗುತ್ತದೆ. ಈಜನ್ನೂ ಒಳಗೊಂಡ ಟ್ರಯಥ್ಲಾನ್ 2000ದ ಸಿಡ್ನಿ ಒಲಿಂಪಿಕ್ಸ್‌ನಿಂದ ಒಲಿಂಪಿಕ್ ಕ್ರೀಡೆಯಾಗಿದೆ. ಡ್ಯುಯಥ್ಲಾನ್‌ಗೆ ಆ ಭಾಗ್ಯವಿಲ್ಲ. ಆದರೆ ನಮ್ಮ ನಗರಗಳಿಗೆ ಒಪ್ಪುವುದು ಇದೇ. ಸಾರ್ವಜನಿಕ ಈಜುಕೊಳಗಳು ವಿರಳ. ಇನ್ನು ಕೆರೆಗಳ ಮಾತೆತ್ತಿದರೆ, 2017ರ ಫೆಬ್ರುವರಿಯಲ್ಲಿ ಬೆಳ್ಳಂದೂರು ಕೆರೆಯೊಳಗಿನಿಂದ ಹೊಗೆ ಎದ್ದದ್ದನ್ನು ಕಂಡ ಯಾರೂ ಬೆಂಗಳೂರಿನ ಕೆರೆಗಳಲ್ಲಿ ಈಜುಸ್ಪರ್ಧೆ ಏರ್ಪಡಿಸುವ ಸಾಹಸ ಮಾಡಲಾರರು.

ನನ್ನ ಸಾಧನೆಯನ್ನು ಮೊದಲೇ ಹೇಳಿಬಿಡುವುದು ಲೇಸು. ಅರವತ್ತಾರನೆಯ ವಯಸ್ಸಿನಲ್ಲಿ ನಾನು ಈ ಮೂರು ಹಂತಗಳನ್ನು ಮುಗಿಸುವುದು ಸುಮಾರು ಒಂದು ಗಂಟೆ ನಲವತ್ತೈದು ನಿಮಿಷಗಳಲ್ಲಿ. ನನ್ನ ಮಗನ ವಯಸ್ಸಿನವರು ಅಷ್ಟರಲ್ಲಿ ಸ್ಪರ್ಧೆ ಮುಗಿಸಿ, ಇಡ್ಲಿ ತಿಂದು, ಸೈಕಲ್ಲನ್ನು ಕಾರಿಗೆ ಕಟ್ಟಿ ಮನೆಯ ದಾರಿ ಹಿಡಿದಿರುತ್ತಾರೆ. ಕಳೆದ ಸಲ ನನ್ನ ವಯೋವರ್ಗದಲ್ಲಿ ಇದ್ದವರು ನಾಲ್ವರು, ನಾನು ಮೂರನೆಯವನು. ಪದಕ ಬಂತೆಂಬುದು ನಿಜ. ನಾಲ್ಕನೆಯವರು ದಾರಿಯಲ್ಲಿ ಟೈರ್ ಪಂಕ್ಚರ್ ಆಗಿ ಕೆಳಗಿಳಿದಿದ್ದರು ಎಂಬುದೂ ಅಷ್ಟೇ ನಿಜ. ಆದ್ದರಿಂದ ಇದು ವಿಜಯದ ವರದಿಯಲ್ಲ.

ನನ್ನನ್ನು ಸೆಳೆದದ್ದು ‘ವಯೋವರ್ಗ’ ಎಂಬ ವ್ಯವಸ್ಥೆ. ಹವ್ಯಾಸಿಗಳನ್ನು ಸಾಮಾನ್ಯವಾಗಿ ಐದೈದು ವರ್ಷಗಳ ಗುಂಪುಗಳಾಗಿ ವಿಂಗಡಿಸುತ್ತಾರೆ: 60–64, 65–69, 70–74, ಹೀಗೆ. ಈ ವಿಂಗಡಣೆಯಲ್ಲಿರುವ ನ್ಯಾಯದ ಸೂಕ್ಷ್ಮವನ್ನು ಗಮನಿಸಬೇಕು. ವಯಸ್ಸಾದವರೆಂದು ದೂರವನ್ನು ಕಡಿಮೆ ಮಾಡುವುದಿಲ್ಲ. ಗಡಿಯಾರ ನಿಧಾನವಾಗಿ ಓಡುವುದಿಲ್ಲ. ಹೆಲ್ಮೆಟ್ಟಿನ ಪಟ್ಟಿ ಬಿಗಿಯುವ ಮುನ್ನ ಸೈಕಲ್ ಮುಟ್ಟಬಾರದು, ಗೆರೆ ದಾಟುವವರೆಗೆ ಸೈಕಲ್ ಏರಬಾರದು, ಹವ್ಯಾಸಿಗಳ ಸ್ಪರ್ಧೆಯಲ್ಲಿ ಗಾಳಿಯ ಹೊಡೆತ ತಪ್ಪಿಸಿಕೊಳ್ಳಲು ಮುಂದಿನವರ ಚಕ್ರಕ್ಕೆ ಅಂಟಿಕೊಂಡು ಸಾಗಬಾರದು ಎಂಬ ನಿಯಮಗಳು ಇಪ್ಪತ್ತರವನಿಗೂ ಎಪ್ಪತ್ತರವನಿಗೂ ಒಂದೇ. ಬದಲಾಗುವುದು ಹೋಲಿಕೆಯೊಂದೇ. ನಿನ್ನನ್ನು ನಿನ್ನ ಸಮಾನರೊಡನೆ ತೂಗುತ್ತೇವೆ ಎನ್ನುತ್ತದೆ ಈ ಕ್ರೀಡೆ. ನಮ್ಮ ಸಮಾಜ ಮಾಡುವುದು ಇದಕ್ಕೆ ತದ್ವಿರುದ್ಧ. ಅದು ನಮ್ಮ ಹಾದಿಯನ್ನು ಮೊಟಕುಗೊಳಿಸುತ್ತದೆ, ಪ್ರತಿಯಾಗಿ ಗೌರವ ಕೊಡುತ್ತದೆ. ಮೊದಲನೆಯದು ಸಮಾನತೆ, ಎರಡನೆಯದು ರಿಯಾಯಿತಿ. ಇವೆರಡರ ಅಂತರವೇ ಈ ಲೇಖನದ ತಿರುಳು.

ಅರ್ಥಶಾಸ್ತ್ರ ಓದಿದವನಿಗೆ ಈ ಸ್ಪರ್ಧೆ ಇನ್ನೊಂದು ಕಾರಣಕ್ಕೂ ರುಚಿಸುತ್ತದೆ. ಸೀಮಿತ ಸಂಪನ್ಮೂಲವನ್ನು ಪೈಪೋಟಿಯ ಬಳಕೆಗಳ ನಡುವೆ ಹಂಚುವುದೇ ನಮ್ಮ ಶಾಸ್ತ್ರದ ಮೊದಲ ಪಾಠ. ಡ್ಯುಯಥ್ಲಾನ್ ಆ ಪಾಠದ ಪ್ರಾಯೋಗಿಕ ತರಗತಿ. ಮೊದಲ ಐದು ಕಿಲೋಮೀಟರುಗಳಲ್ಲಿ ಉಳಿಸಿದ ಅರ್ಧ ನಿಮಿಷಕ್ಕೆ ಕೊನೆಯ ಎರಡೂವರೆ ಕಿಲೋಮೀಟರುಗಳಲ್ಲಿ ಎರಡು ನಿಮಿಷದ ಬಡ್ಡಿ ತೆರಬೇಕಾದೀತು. ಸೈಕಲ್ಲಿನಿಂದ ಇಳಿದು ಓಡತೊಡಗಿದಾಗ ಕಾಲುಗಳಿಗೆ ಇಟ್ಟಿಗೆ ಕಟ್ಟಿದಂಥ ಅನುಭವವಾಗುತ್ತದೆ. ಮುಕ್ಕಾಲು ಗಂಟೆ ಪೆಡಲ್ ತುಳಿದ ಸ್ನಾಯುಗಳು ಓಟದ ಲಯಕ್ಕೆ ಒಗ್ಗಿಕೊಳ್ಳಲು ಕೆಲವು ನಿಮಿಷ ಬೇಡುತ್ತವೆ. ಇಲ್ಲಿ ವಯಸ್ಸಾದವರಿಗೆ ಒಂದು ಸಣ್ಣ ಅನುಕೂಲವಿದೆ. ತಾಳ್ಮೆ ಮತ್ತು ಮಿತವ್ಯಯ ನಮಗೆ ಅಭ್ಯಾಸವಾಗಿರುತ್ತದೆ. ಮೊದಲ ಓಟದಲ್ಲಿ ‘ಅಂಕಲ್, ಸೈಡ್ ಕೊಡಿ’ ಎಂದು ದಾಟಿಹೋದ ಕೆಲವು ತರುಣರು ಕೊನೆಯ ಓಟದಲ್ಲಿ ಸೊಂಟಕ್ಕೆ ಕೈಕೊಟ್ಟು ನಡೆಯುತ್ತಿರುವುದನ್ನು ಕಾಣುವುದುಂಟು.

ಹಾಗಾದರೆ ವಯಸ್ಸು ನಿಜಕ್ಕೂ ಎಷ್ಟು ಕಸಿದುಕೊಳ್ಳುತ್ತದೆ? ಈ ಪ್ರಶ್ನೆಯನ್ನು ಲೆಕ್ಕಹಾಕಲು ಹೊರಟವರಲ್ಲಿ ಒಬ್ಬರು ವೈದ್ಯರಲ್ಲ, ಅರ್ಥಶಾಸ್ತ್ರಜ್ಞರು ಎಂಬುದು ಸ್ವಾರಸ್ಯ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ರೇ ಫೇರ್ ಸ್ವತಃ ಮ್ಯಾರಥಾನ್ ಓಟಗಾರರು. ವಯಸ್ಸಿನನ್ವಯ ದಾಖಲಾದ ಓಟದ ಶ್ರೇಷ್ಠ ವೇಳೆಗಳನ್ನು ಕಲೆಹಾಕಿ, ಮುದುಕರು ಎಷ್ಟು ಬೇಗ ನಿಧಾನಗೊಳ್ಳುತ್ತಾರೆ ಎಂಬ ಪ್ರಬಂಧವನ್ನು ಅವರು 1994ರಲ್ಲಿ ಪ್ರಕಟಿಸಿದರು. ಹೆಚ್ಚಿನ ಓಟಗಳಲ್ಲಿ ಮಧ್ಯವಯಸ್ಸಿನ ಕುಸಿತ ವರ್ಷಕ್ಕೆ ಶೇ 1ಕ್ಕಿಂತಲೂ ಕಡಿಮೆ. ಅರವತ್ತರಲ್ಲಿ ಅದು ಶೇ 1ರ ಆಸುಪಾಸು. ಎಪ್ಪತ್ತೈದರಲ್ಲಿಯೂ ಶೇ 1.5ರಷ್ಟು ಮಾತ್ರ. ಇವು ಅತ್ಯುತ್ತಮ ಓಟಗಾರರ ಅಂಕಿಗಳು, ಎಲ್ಲರಿಗೂ ಅನ್ವಯಿಸುವುದಿಲ್ಲ. ಆದರೆ ಇವು ಒಂದು ಗಡಿಯನ್ನು ಗುರುತಿಸುತ್ತವೆ. ವಯಸ್ಸೊಂದರಿಂದಲೇ ಆಗುವ ನಷ್ಟ ಇಷ್ಟು. ಉಳಿದದ್ದರಲ್ಲಿ ಕಾಯಿಲೆಯ ಪಾಲೂ ಇದೆ, ಕುರ್ಚಿಯ ಪಾಲೂ ಇದೆ. ವಯಸ್ಸಿನಿಂದಾಗುವ ಶಕ್ತಿಹ್ರಾಸದ ಬಗ್ಗೆ ಸಮಾಜ ಅಗತ್ಯಕ್ಕಿಂತ ಹೆಚ್ಚು ನಿರಾಶಾವಾದಿಯಾಗಿದೆಯೇನೋ ಎಂಬ ಅನುಮಾನವನ್ನು ಫೇರ್ ವ್ಯಕ್ತಪಡಿಸಿದ್ದಾರೆ.

ಕುರ್ಚಿಯ ಪಾಲು ಎಷ್ಟೆಂಬುದನ್ನು ಮೊದಲು ತೋರಿಸಿಕೊಟ್ಟವರು ಬ್ರಿಟನ್ನಿನ ಜೆರ್ರಿ ಮಾರಿಸ್. ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳಲ್ಲಿ ದಿನವಿಡೀ ಕುಳಿತಿರುವ ಚಾಲಕರಿಗಿಂತ, ಮೆಟ್ಟಿಲು ಹತ್ತಿಳಿಯುವ ನಿರ್ವಾಹಕರಲ್ಲಿ ಹೃದ್ರೋಗ ಕಡಿಮೆ ಎಂಬ ಅವರ ಅಧ್ಯಯನ 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮಾರಿಸ್ ತಾವೂ ವ್ಯಾಯಾಮ ಬಿಡಲಿಲ್ಲ. 2009ರಲ್ಲಿ ತೀರಿಕೊಂಡಾಗ ಅವರಿಗೆ 99 ವರ್ಷ. ಈ ಅಧ್ಯಯನವನ್ನು ಓದುವಾಗ ನಮ್ಮ ಕಚೇರಿಗಳು ನೆನಪಾಗುತ್ತವೆ. ಕಡತ ಹೊತ್ತು ಮಹಡಿಯಿಂದ ಮಹಡಿಗೆ ಓಡಾಡುವವನು ಜವಾನ. ಕುಳಿತಲ್ಲಿಗೇ ಕಡತ ತರಿಸಿಕೊಳ್ಳುವುದು ಅಧಿಕಾರಿಯ ಅಂತಸ್ತು. ದೇಹವನ್ನು ದುಡಿಸದಿರುವುದೇ ಪ್ರತಿಷ್ಠೆ ಎಂದು ನಂಬಿ ಮೂವತ್ತು ವರ್ಷ ಕಳೆದವರಿಗೆ ನಿವೃತ್ತಿಯ ದಿನ ಆರೋಗ್ಯದ ಖಾತೆಯಲ್ಲಿ ಉಳಿಯುವ ಶಿಲ್ಕು ತೀರಾ ಅಲ್ಪ.

ಖಾತೆ, ಶಿಲ್ಕು ಎಂಬ ಮಾತುಗಳನ್ನು ಅಲಂಕಾರಕ್ಕಾಗಿ ಬಳಸುತ್ತಿಲ್ಲ. ಮೈಕೆಲ್ ಗ್ರಾಸ್‌ಮನ್ 1972ರಲ್ಲಿ ಮಂಡಿಸಿದ ಪ್ರಸಿದ್ಧ ಸಿದ್ಧಾಂತದ ಪ್ರಕಾರ ಆರೋಗ್ಯವೂ ಒಂದು ಬಂಡವಾಳ. ಯಂತ್ರದಂತೆ ಅದೂ ಸವೆಯುತ್ತದೆ. ಒಂದು ಘಟ್ಟದ ನಂತರ ವಯಸ್ಸಿನೊಡನೆ ಸವಕಳಿಯ ದರವೂ ಏರುತ್ತದೆ. ಹೂಡಿಕೆಯಿಂದ ಮಾತ್ರ ಅದನ್ನು ಕಾಯ್ದುಕೊಳ್ಳಬಹುದು. ಮುಪ್ಪಿನಲ್ಲಿ ಹೂಡಿಕೆಗೆ ಪ್ರತಿಫಲವಿಲ್ಲ ಎನ್ನುವವರು 1990ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವನ್ನು ಗಮನಿಸಬೇಕು. ವೃದ್ಧಾಶ್ರಮದಲ್ಲಿದ್ದ, ತೊಂಬತ್ತರ ಆಸುಪಾಸಿನ, ದೈಹಿಕವಾಗಿ ದುರ್ಬಲರಾದ ಹತ್ತು ಮಂದಿಗೆ ಎಂಟು ವಾರ ಕಾಲಿನ ಸ್ನಾಯುಗಳಿಗೆ ಭಾರದ ತರಬೇತಿ ಕೊಡಲಾಯಿತು. ತರಬೇತಿಯನ್ನು ಪೂರೈಸಿದವರ ಸ್ನಾಯುಬಲ ಸರಾಸರಿ ಶೇ 174ರಷ್ಟು ಏರಿತು. ಅವರು ಯಾವ ಪದಕವನ್ನೂ ಗೆಲ್ಲಲಿಲ್ಲ. ಕುರ್ಚಿಯಿಂದ ಪರರ ಕೈ ಹಿಡಿಯದೆ ಏಳುವುದೇ ಆ ವಯಸ್ಸಿನಲ್ಲಿ ಗೆಲುವು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪತ್ರಿಕೆಗಳು ಹಿರಿಯ ಕ್ರೀಡಾಪಟುಗಳನ್ನು ಪವಾಡಪುರುಷರಂತೆ ಚಿತ್ರಿಸುವುದುಂಟು. ಕೆನಡಾದ ಎಡ್ ವಿಟ್‌ಲಾಕ್ 2003ರಲ್ಲಿ, ತಮ್ಮ 72ನೇ ವಯಸ್ಸಿನಲ್ಲಿ, ಮೂರು ಗಂಟೆಯೊಳಗೆ ಮ್ಯಾರಥಾನ್ ಓಡಿ, ಎಪ್ಪತ್ತು ದಾಟಿದವರಲ್ಲಿ ಆ ಸಾಧನೆ ಮಾಡಿದ ಮೊದಲಿಗರಾದರು. 93ನೇ ವಯಸ್ಸಿನಲ್ಲಿ ಅಥ್ಲೆಟಿಕ್ಸ್‌ಗೆ ಕಾಲಿಟ್ಟ ಪಂಜಾಬಿನ ಮನ್ ಕೌರ್ 101ನೇ ವಯಸ್ಸಿನಲ್ಲಿ, 2017ರಲ್ಲಿ, ಆಕ್ಲೆಂಡಿನ ವಿಶ್ವ ಮಾಸ್ಟರ್ಸ್ ಕ್ರೀಡಾಕೂಟದಲ್ಲಿ ನೂರು ಮೀಟರ್ ಓಟದ ಚಿನ್ನ ಗೆದ್ದರು. ಇಂಥವರ ಬಗ್ಗೆ ಓದಿ ನಾವು ಬೆರಗಾಗುತ್ತೇವೆ, ಪುಟ ತಿರುಗಿಸುತ್ತೇವೆ. ಬೆರಗು ನಮ್ಮನ್ನು ಹೊಣೆಯಿಂದ ಪಾರುಮಾಡುತ್ತದೆ. ಅವರು ಅಸಾಮಾನ್ಯರು, ನಾವು ಸಾಮಾನ್ಯರು ಎಂದು ಸಮಾಧಾನ ಹೇಳುತ್ತದೆ. ಸ್ಪ್ರಿಂಟ್ ಡ್ಯುಯಥ್ಲಾನ್‌ನ ಗುಣವಿರುವುದು ಅದರ ಸಾಮಾನ್ಯತೆಯಲ್ಲಿ. ಹಿಂದೆ ತಹಶೀಲ್ದಾರರಾಗಿದ್ದವರು, ಬ್ಯಾಂಕಿನ ಗುಮಾಸ್ತರು, ಶಾಲೆಯ ಅಧ್ಯಾಪಕರು ಕೆಲವು ತಿಂಗಳ ಕ್ರಮಬದ್ಧ ಸಿದ್ಧತೆಯಿಂದ ಮುಗಿಸಬಹುದಾದ ಸ್ಪರ್ಧೆ ಇದು.

ಹಿರಿಯ ಓಟಗಾರರಲ್ಲಿ ಜಗತ್ಪ್ರಸಿದ್ಧರಾದವರು ಫೌಜಾ ಸಿಂಗ್. 89ನೇ ವಯಸ್ಸಿನಲ್ಲಿ, 2000ದಲ್ಲಿ, ಲಂಡನ್ನಿನಲ್ಲಿ ಮೊದಲ ಮ್ಯಾರಥಾನ್ ಓಡಿದರು. 2011ರಲ್ಲಿ, ನೂರರ ವಯಸ್ಸಿನಲ್ಲಿ, ಟೊರಾಂಟೊ ಮ್ಯಾರಥಾನನ್ನು ಎಂಟು ಗಂಟೆಗೂ ಹೆಚ್ಚು ಕಾಲ ಓಡಿ ಮುಗಿಸಿದರು. ಜನನ ಪ್ರಮಾಣಪತ್ರ ಇಲ್ಲದ ಕಾರಣ ಗಿನ್ನೆಸ್ ದಾಖಲೆ ಮಾತ್ರ ಅವರ ಹೆಸರಿಗೆ ಬರಲಿಲ್ಲ. 2025ರ ಜುಲೈ 14ರಂದು, 114ನೇ ವಯಸ್ಸಿನಲ್ಲಿ, ಜಲಂಧರ್ ಬಳಿಯ ತಮ್ಮ ಹುಟ್ಟೂರಿನಲ್ಲಿ ರಸ್ತೆ ದಾಟುತ್ತಿದ್ದಾಗ ವಾಹನವೊಂದು ಅವರಿಗೆ ಗುದ್ದಿ ಪರಾರಿಯಾಯಿತು; ಅವರು ಅಂದೇ ಕೊನೆಯುಸಿರೆಳೆದರು. ಮುಪ್ಪು ಸೋಲಿಸಲಾಗದ ವ್ಯಕ್ತಿಯನ್ನು ನಮ್ಮ ರಸ್ತೆ ಸೋಲಿಸಿತು. ಈ ಸಾವಿಗೆ ದೇಶ ಕಂಬನಿ ಮಿಡಿಯಿತು. ಆದರೆ ಅದು ಎತ್ತಿದ ಪ್ರಶ್ನೆಗೆ ಉತ್ತರ ದೊರಕಿಲ್ಲ.

ಆ ಪ್ರಶ್ನೆಯನ್ನು ಸೈಕಲ್ಲಿನ ಮೂಲಕವೇ ಕೇಳಬಹುದು. ಅಮರ್ತ್ಯ ಸೆನ್ ತಮ್ಮ ಸಾಮರ್ಥ್ಯ ಸಿದ್ಧಾಂತವನ್ನು ವಿವರಿಸುವಾಗ ಬಳಸಿದ ಉದಾಹರಣೆಗಳಲ್ಲಿ ಸೈಕಲ್ಲೂ ಒಂದು. ಸೈಕಲ್ ಇರುವುದು ಬೇರೆ, ಅದರಿಂದ ಓಡಾಡಲು ಸಾಧ್ಯವಾಗುವುದು ಬೇರೆ ಎಂಬುದು ಅವರ ವಾದ. ವಸ್ತುವಿನ ಒಡೆತನ ತಾನಾಗಿಯೇ ಸಾಮರ್ಥ್ಯವಾಗುವುದಿಲ್ಲ. ದೇಹಸ್ಥಿತಿ, ರಸ್ತೆ, ಸಾಮಾಜಿಕ ಕಟ್ಟುಪಾಡು ಎಲ್ಲವೂ ನಡುವೆ ನಿಲ್ಲುತ್ತವೆ. ನಿವೃತ್ತರೊಬ್ಬರು ಭವಿಷ್ಯನಿಧಿಯ ಹಣದಿಂದ ಒಳ್ಳೆಯ ಸೈಕಲ್ ಕೊಳ್ಳಬಹುದು. ಅದನ್ನು ತುಳಿಯಲು ಅವರು ಬೆಳಗಿನ ಜಾವ ನಾಲ್ಕೂವರೆಗೆ ಎದ್ದು, ಲಾರಿಗಳು ಓಡಾಡುವ ಹೆದ್ದಾರಿಯ ಅಂಚಿಗೇ ಹೋಗಬೇಕು ಎಂದಾದರೆ ಆ ಸೈಕಲ್ ಬರಿಯ ವಸ್ತು. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತರು; ಅವರಲ್ಲಿ 32,825 ಮಂದಿ ಪಾದಚಾರಿಗಳು. ಈ ಅಂಕಿಗಳನ್ನು ಓದಿದ ಹೆಂಡತಿ ‘ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತೇ?’ ಎಂದು ಕೇಳಿದರೆ ಅದನ್ನು ಹಿಂದುಳಿದ ಮನೋಭಾವ ಎನ್ನಲಾಗದು. ಆಕೆ ಅಂಜುವುದು ನನ್ನ ವಯಸ್ಸಿಗಲ್ಲ, ನಗರದ ರಸ್ತೆಗೆ.

ಹೆಂಗಸರ ಪಾಲಿಗೆ ಈ ಅಡ್ಡಿ ಇಮ್ಮಡಿ. ನಾನು ಪಾಲ್ಗೊಂಡ ಸ್ಪರ್ಧೆಗಳಲ್ಲಿ ಅರವತ್ತು ದಾಟಿದ ಮಹಿಳೆಯರನ್ನು ಬೆರಳಲ್ಲಿ ಎಣಿಸಬಹುದು. 2024ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪ್ರಕಟಿಸಿದ ಅಧ್ಯಯನದ ಪ್ರಕಾರ 2022ರಲ್ಲಿ ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಅಗತ್ಯ ಪ್ರಮಾಣದ ದೈಹಿಕ ಚಟುವಟಿಕೆ ಇರಲಿಲ್ಲ. ಗಂಡಸರಲ್ಲಿ ಇದು ಶೇ 42, ಹೆಂಗಸರಲ್ಲಿ ಶೇ 57. ಮನೆಗೆಲಸವೇ ವ್ಯಾಯಾಮವಲ್ಲವೇ ಎಂದು ವಾದಿಸುವ ಗಂಡಸರಿಗೆ ಈ ಅಂಕಿಯೇ ಉತ್ತರ. ಸೀರೆಯುಟ್ಟು ಉದ್ಯಾನದಲ್ಲಿ ನಡೆಯುವ ಹಿರಿಯ ಮಹಿಳೆಗೆ ಒಪ್ಪಿಗೆಯಿದೆ. ಟ್ರ್ಯಾಕ್ ಪ್ಯಾಂಟ್ ತೊಟ್ಟು ಓಡಿದರೆ ಬೀದಿ ತಿರುಗಿ ನೋಡುತ್ತದೆ. ನೋಡುವ ಕಣ್ಣುಗಳೂ ರಸ್ತೆಯ ಗುಂಡಿಗಳಂತೆಯೇ ಒಂದು ಅಡ್ಡಿ.

ಈ ವಾದಕ್ಕೆ ಆಕ್ಷೇಪಗಳು ಇಲ್ಲದಿಲ್ಲ. ಮೊದಲನೆಯದು, ಇದು ಉಳ್ಳವರ ಶೋಕಿ ಎಂಬುದು. ಲಕ್ಷ ರೂಪಾಯಿಯ ಸೈಕಲ್ಲುಗಳನ್ನು ಕಂಡವರಿಗೆ ಹಾಗನ್ನಿಸುವುದು ಸಹಜ. ಅರವತ್ತೈದರಲ್ಲೂ ಕೂಲಿಗಾಗಿ ಗಾರೆ ಹೊರುವವರು, ಮೈಲಿಗಟ್ಟಲೆ ಸೈಕಲ್ ತುಳಿದು ಹಾಲು, ಸೊಪ್ಪು ಮಾರುವವರು ಇರುವ ನಾಡಿನಲ್ಲಿ ಶುಲ್ಕ ತೆತ್ತು ಬೆವರು ಸುರಿಸುವುದು ವಿಪರ್ಯಾಸವೇ. ಅವರಿಗೆ ಬೇಕಾದದ್ದು ಓಟವಲ್ಲ, ಪಿಂಚಣಿ ಮತ್ತು ವಿಶ್ರಾಂತಿ. ಇದರಲ್ಲಿ ಎರಡು ಮಾತಿಲ್ಲ. ರಿಯಾಯಿತಿಗಳು ಬೇಡವೆಂದು ನಾನು ಹೇಳದಿರುವುದು ಈ ಕಾರಣಕ್ಕಾಗಿಯೇ. 2020ರ ಮಾರ್ಚ್‌ನಲ್ಲಿ ರೈಲ್ವೆ ಇಲಾಖೆ ಹಿರಿಯ ನಾಗರಿಕರ ಪ್ರಯಾಣ ರಿಯಾಯಿತಿಯನ್ನು ನಿಲ್ಲಿಸಿದಾಗ ನಷ್ಟವಾದದ್ದು ಬಡವರಿಗೇ. ಆದರೆ ಸುರಕ್ಷಿತ ರಸ್ತೆ ಎಂಬುದು ಹವ್ಯಾಸಿಗಿಂತ ಮೊದಲು ಆ ಹಾಲಿನವನಿಗೆ, ಸೊಪ್ಪಿನವಳಿಗೆ ಸಲ್ಲುವ ಸವಲತ್ತು. ಸೈಕಲ್ ಕ್ರೀಡೆ ನಗರದ ಶ್ರೀಮಂತರ ಸ್ವತ್ತೂ ಅಲ್ಲ. ಕರ್ನಾಟಕದ ಸೈಕ್ಲಿಂಗ್ ಪಟುಗಳಲ್ಲಿ ಬಹಳಷ್ಟು ಮಂದಿ ಬಂದಿರುವುದು ವಿಜಯಪುರ, ಬಾಗಲಕೋಟೆ ಭಾಗದ ಸಾಮಾನ್ಯ ಮನೆಗಳಿಂದ ಎಂಬುದನ್ನು ಮರೆಯುವಂತಿಲ್ಲ.

ಎರಡನೆಯ ಆಕ್ಷೇಪ ಅಪಾಯದ್ದು. ಹೃದ್ರೋಗ, ಅಧಿಕ ರಕ್ತದೊತ್ತಡ, ಮಧುಮೇಹ ಇರುವವರು, ಬಹುಕಾಲ ವ್ಯಾಯಾಮವಿಲ್ಲದೆ ಇದ್ದವರು ವೈದ್ಯರ ತಪಾಸಣೆಯಿಲ್ಲದೆ ಸ್ಪರ್ಧೆಗೆ ಇಳಿಯಕೂಡದು. ಎದೆನೋವು, ತಲೆಸುತ್ತು ಬಂದಾಗ ನಿಲ್ಲಿಸುವುದೇ ವಿವೇಕ. ಆದರೆ ಅಪಾಯವನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು. ಓಡುವುದರಲ್ಲಿ ಅಪಾಯವಿದ್ದಂತೆ ಕುಳಿತಿರುವುದರಲ್ಲೂ ಇದೆ. ಅರವತ್ತೈದು ದಾಟಿದವರಲ್ಲಿ ಸುಮಾರು ಮೂವರಲ್ಲಿ ಒಬ್ಬರು ವರ್ಷಕ್ಕೊಮ್ಮೆಯಾದರೂ ಬೀಳುತ್ತಾರೆ; ಬಚ್ಚಲಿನಲ್ಲಿ ಜಾರಿ ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದ ಹಿರಿಯರು ಇಲ್ಲದ ಬೀದಿ ನಮ್ಮಲ್ಲಿ ಯಾವುದಿದೆ? ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವನ್ನು ಶಿಫಾರಸು ಮಾಡುತ್ತದೆ. ಹಿರಿಯರಿಗೆ ಅದರ ಜೊತೆಗೆ ವಾರದಲ್ಲಿ ಮೂರು ದಿನವಾದರೂ ಸಮತೋಲನ ಮತ್ತು ಸ್ನಾಯುಬಲದ ಅಭ್ಯಾಸ ಇರಬೇಕೆನ್ನುವುದು ಬೀಳುವುದನ್ನು ತಡೆಯುವುದಕ್ಕಾಗಿಯೇ.

ಮೂರನೆಯದು ತಾತ್ವಿಕವಾದದ್ದು. ಊರು ಹೋಗು ಎನ್ನುವ, ಕಾಡು ಬಾ ಎನ್ನುವ ವಯಸ್ಸಿನಲ್ಲಿ ಪೈಪೋಟಿಯ ಹಂಬಲವೇಕೆ? ಬಿಡುವುದನ್ನು ಕಲಿಯಬೇಕಾದ ಕಾಲದಲ್ಲಿ ಪದಕದ ಆಸೆ ಶೋಭಿಸುತ್ತದೆಯೇ? ಗೌರವಿಸಬೇಕಾದ ಪ್ರಶ್ನೆಯಿದು. ನನ್ನ ಅನುಭವ ಹೇಳುವುದಿಷ್ಟು. ವೃತ್ತಿಯ ಪೈಪೋಟಿಯಲ್ಲಿ ಒಬ್ಬರ ಬಡ್ತಿ ಇನ್ನೊಬ್ಬರ ನಷ್ಟವಾಗಿತ್ತು. ಇಲ್ಲಿ ನನ್ನ ಪಕ್ಕದವರು ವೇಗವಾಗಿ ಓಡಿದರೆ ನನ್ನದೇನೂ ಕಳೆಯುವುದಿಲ್ಲ. ಹೆಸರಿನ ಹಿಂದಿನ ಹುದ್ದೆ ಇಲ್ಲಿ ಲೆಕ್ಕಕ್ಕಿಲ್ಲ. ಎದೆಯ ಮೇಲಿನ ಸಂಖ್ಯೆಯೊಂದೇ ಗುರುತು. ದೊಡ್ಡ ಕೊಠಡಿಯನ್ನೂ ಕೆಂಪುದೀಪದ ಕಾರನ್ನೂ ಬಿಟ್ಟುಬಂದವರಿಗೆ ಇದಕ್ಕಿಂತ ಒಳ್ಳೆಯ ವೈರಾಗ್ಯದ ಪಾಠ ಅಪರೂಪ. ಮುಂದಿನ ಸ್ಪರ್ಧೆಯ ದಿನಾಂಕವೊಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಾಗಿದ್ದರೆ ಬೆಳಿಗ್ಗೆ ಏಳುವುದಕ್ಕೆ ಕಾರಣ ಸಿಗುತ್ತದೆ. ನಿವೃತ್ತರಿಗೆ ಪಿಂಚಣಿಯಷ್ಟೇ ಮುಖ್ಯವಾದದ್ದು ಕಾರಣ.

ಈಗ ಸರ್ಕಾರದ ಪಾಲಿನ ವಿಷಯಕ್ಕೆ ಬರೋಣ. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ 2023ರಲ್ಲಿ ಹೊರತಂದ ವರದಿಯಂತೆ 2022ರಲ್ಲಿ ಭಾರತದಲ್ಲಿ ಅರವತ್ತು ದಾಟಿದವರು 14.9 ಕೋಟಿ, 2050ರ ವೇಳೆಗೆ ಅದು 34.7 ಕೋಟಿ ಮುಟ್ಟಿ, ಐವರಲ್ಲಿ ಒಬ್ಬರು ಹಿರಿಯರಾಗಿರುತ್ತಾರೆ. ಇದಕ್ಕೆ ನಮ್ಮ ಸಿದ್ಧತೆ ಏನು? 1999ರ ರಾಷ್ಟ್ರೀಯ ಹಿರಿಯ ನಾಗರಿಕರ ನೀತಿ, 2007ರ ಪೋಷಕರ ನಿರ್ವಹಣಾ ಕಾಯ್ದೆ, 2010–11ರಲ್ಲಿ ಆರಂಭವಾದ ಹಿರಿಯರ ಆರೋಗ್ಯ ಕಾರ್ಯಕ್ರಮ ಎಲ್ಲವೂ ಸ್ತುತ್ಯವೇ. 2024ರ ಅಕ್ಟೋಬರ್‌ನಲ್ಲಿ ಎಪ್ಪತ್ತು ದಾಟಿದ ಎಲ್ಲರಿಗೂ ಆಯುಷ್ಮಾನ್ ಭಾರತ್ ಯೋಜನೆಯಡಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ವೆಚ್ಚದ ರಕ್ಷಣೆ ದೊರೆತದ್ದು ದೊಡ್ಡ ಹೆಜ್ಜೆ. ಆದರೆ ನಮ್ಮ ವೆಚ್ಚದ ಒಲವನ್ನು ಗಮನಿಸಿ. ಬಿದ್ದು ಮೂಳೆ ಮುರಿದವರಿಗೆ ಶಸ್ತ್ರಚಿಕಿತ್ಸೆಯ ಹಣವಿದೆ; ಬೀಳದಂತೆ ಕಾಲು ಗಟ್ಟಿಮಾಡಿಕೊಳ್ಳಲು ತಾಣವಿಲ್ಲ. ಯಂತ್ರ ಕೆಟ್ಟ ಮೇಲೆ ದುರಸ್ತಿಗೆ ಅನುದಾನ ಕೊಟ್ಟು, ಎಣ್ಣೆ ಹಾಕುವ ಬಾಬ್ತಿಗೆ ಸೊನ್ನೆ ಬರೆದ ಆಯವ್ಯಯವನ್ನು ಯಾವ ಹಣಕಾಸು ಅಧಿಕಾರಿಯೂ ಒಪ್ಪಲಾರ.

ಆಗಬೇಕಾದದ್ದು ಭಾರೀ ಯೋಜನೆಗಳಲ್ಲ. ಮೊದಲನೆಯದು, ಸರ್ಕಾರಿ ಶಾಲಾ ಕಾಲೇಜುಗಳ ಮೈದಾನಗಳನ್ನು ಬೆಳಿಗ್ಗೆ ಐದರಿಂದ ಏಳೂವರೆವರೆಗೆ ಬಡಾವಣೆಯ ಜನರಿಗೆ ತೆರೆಯುವುದು. ಆ ಹೊತ್ತಿನಲ್ಲಿ ಅಲ್ಲಿ ಪಾಠ ನಡೆಯುವುದಿಲ್ಲ. ಬೇಕಾದದ್ದು ಒಬ್ಬ ಕಾವಲುಗಾರ, ಒಂದು ನಲ್ಲಿ, ಒಂದು ಶೌಚಾಲಯ. ಎರಡನೆಯದು, ವಾರಕ್ಕೊಮ್ಮೆ ಕೆಲವು ರಸ್ತೆಗಳನ್ನು ಮೋಟಾರು ವಾಹನಗಳಿಂದ ಮುಕ್ತಗೊಳಿಸುವುದು. ಕೊಲಂಬಿಯಾದ ಬೊಗೋಟಾ ನಗರ 1970ರ ದಶಕದಿಂದ ಇದನ್ನು ನಡೆಸಿಕೊಂಡು ಬಂದಿದ್ದು, ಪ್ರತಿ ಭಾನುವಾರ ನೂರು ಕಿಲೋಮೀಟರಿಗೂ ಹೆಚ್ಚು ರಸ್ತೆಯನ್ನು ನಡೆಯುವವರಿಗೂ ಸೈಕಲ್ ಸವಾರರಿಗೂ ಬಿಟ್ಟುಕೊಡುತ್ತದೆ. ಬೆಂಗಳೂರಿನಲ್ಲಿಯೂ 2013ರಲ್ಲಿ ‘ಸೈಕಲ್ ದಿನ’ದ ಆಚರಣೆ ಮೊದಲಾಗಿತ್ತು, 2017ರಲ್ಲಿ ಮೈಸೂರು ‘ಟ್ರಿಣ್ ಟ್ರಿಣ್’ ಸಾರ್ವಜನಿಕ ಸೈಕಲ್ ವ್ಯವಸ್ಥೆಯನ್ನು ತಂದಿತು. ಆರಂಭಿಸುವ ಕಲೆ ನಮಗೆ ಕರಗತ; ಮುಂದುವರಿಸುವ ಶಿಸ್ತು ಬೇಕಾಗಿದೆ. ಸೈಕಲ್ ಪಥವೆಂದು ಬಣ್ಣ ಬಳಿದ ಜಾಗ ಕಾರುಗಳ ತಂಗುದಾಣವಾಗಲು ಬಿಡಬಾರದು. ಮೂರನೆಯದು, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವಾರಕ್ಕೆ ಎರಡು ದಿನವಾದರೂ ಭೌತಚಿಕಿತ್ಸಕರ ಸೇವೆ ಒದಗಿಸಿ, ಹಿರಿಯರಿಗೆ ಸಮತೋಲನ ಮತ್ತು ಸ್ನಾಯುಬಲದ ಅಭ್ಯಾಸ ಹೇಳಿಕೊಡುವುದು. ನಾಲ್ಕನೆಯದು, ದಸರಾ ಕ್ರೀಡಾಕೂಟ, ತಾಲ್ಲೂಕು ಮತ್ತು ಜಿಲ್ಲಾ ಕ್ರೀಡಾಕೂಟಗಳಲ್ಲಿ ಮಹಿಳೆಯರನ್ನೂ ಒಳಗೊಂಡ ಹಿರಿಯರ ವಯೋವರ್ಗಗಳನ್ನು ಕಡ್ಡಾಯಗೊಳಿಸುವುದು. ಸನ್ಮಾನದ ಶಾಲು ಬೇಡ; ಓಟದ ಪಟ್ಟಿಯಲ್ಲಿ ಒಂದು ಸಾಲು ಸಾಕು.

ಇವೆಲ್ಲ ಇಂದಿನ ಮುದುಕರ ಹಿತಕ್ಕಷ್ಟೇ ಎಂದು ತಿಳಿಯಬಾರದು. ಕರ್ನಾಟಕ ಸರ್ಕಾರ 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ನೀಡುವ ಯೋಜನೆಯನ್ನು ಆರಂಭಿಸಿತು. ಹಳ್ಳಿಯ ಹೆಣ್ಣುಮಕ್ಕಳು ಸಾಲುಸಾಲಾಗಿ ಸೈಕಲ್ ತುಳಿಯುತ್ತ ಪ್ರೌಢಶಾಲೆಗೆ ಹೋಗುವ ದೃಶ್ಯವನ್ನು ಆ ವರ್ಷಗಳಲ್ಲಿ ನಾಡಿನ ಉದ್ದಗಲಕ್ಕೂ ಕಂಡಿದ್ದೇವೆ. ಅವರ ಮನೆಯ ಹಿರಿಯ ಹೆಂಗಸರಲ್ಲಿ ಎಷ್ಟೋ ಮಂದಿ ಸೈಕಲ್ ಮುಟ್ಟಿಯೂ ಇರಲಿಲ್ಲ. ಆ ಮೊದಲ ತಂಡದ ಹುಡುಗಿಯರಿಗೆ ಈಗ ಮೂವತ್ತು ದಾಟಿದೆ. 2050 ಕಳೆದು ಎರಡು ಮೂರು ವರ್ಷಗಳಲ್ಲಿ ಅವರಿಗೂ ಅರವತ್ತು ತುಂಬುತ್ತದೆ. ಅವರ ಕೈಗೆ ಆಗ ಏನು ಕೊಡುತ್ತೇವೆ ಎಂಬುದನ್ನು ತೀರ್ಮಾನಿಸುವ ಕಾಲ ಇದು. ಹಿರಿಯ ನಾಗರಿಕರ ಗುರುತಿನ ಚೀಟಿಯನ್ನು ಕೊಡುವುದು ಸುಲಭ. ಹದಿನಾಲ್ಕರಲ್ಲಿ ಕಲಿತ ಸೈಕಲ್ಲನ್ನು ಅರವತ್ತರಲ್ಲೂ ಅಂಜಿಕೆಯಿಲ್ಲದೆ ತುಳಿಯಬಲ್ಲ ರಸ್ತೆಯನ್ನು ಕೊಡುವುದು ಕಷ್ಟ. ಆ ಕಷ್ಟದ ಕೆಲಸವನ್ನು ಕೈಗೆತ್ತಿಕೊಳ್ಳುವ ಸರ್ಕಾರ ಮಾತ್ರ ಹಿರಿಯರನ್ನು ನಿಜವಾಗಿ ಗೌರವಿಸಿದಂತೆ.